ಚಂದ್ರತಾಲದ ದಾರಿಗೆ ನಾವು ಹಾಕಿಕೊಂಡ ಲೆಕ್ಕ

ನಮ್ಮ ವಿಜಯಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಅಂಕೋಲಾದಿಂದ ಪಂಜಾಬಿನ ಸಂಗರೂರಿನವರೆಗೂ ಹೋಗುತ್ತದೆ. ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ಎಲ್ಲ ಇದೇ ರಸ್ತೆಯ ಮೇಲಿವೆ. ಹಿಮಾಚಲದ ಸ್ಪಿತಿಗೆ ಸ್ವಂತ ಕಾರಿನಲ್ಲಿ ಹೋಗಿ ಟೆಂಟಿನಲ್ಲಿ ಇರಬೇಕು ಅಂತ ನಾನು, ನನ್ನ ಹೆಂಡತಿ, ಕಾಕಾ ಹೊರಟಾಗ ಈ ಬಯಲು ದಾರಿಯ ಚಿಂತೆ ಇರಲಿಲ್ಲ. ಬೆಳಗ್ಗೆ ಬೇಗ ಹೊರಡುವುದು, ರಾತ್ರಿ ಲಾಡ್ಜಿನಲ್ಲಿ ಮಲಗುವುದು, ಅಷ್ಟೇ.

ಚಿಂತೆ ಇದ್ದದ್ದು ಎತ್ತರದ್ದು, ಅಲ್ಲಿನ ತೆಳು ಗಾಳಿಗೆ ಮೈ ಒಗ್ಗದಿದ್ದರೆ ಕಾಯಿಲೆ ಬೀಳುತ್ತೇವೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್. ನಾವು ಟೆಂಟ್ ಹಾಕಬೇಕೆಂದಿದ್ದ ಚಂದ್ರತಾಲ ಸರೋವರದ ಜಾಗ ಸುಮಾರು 4,250 ಮೀಟರ್. ಮನಾಲಿ ಕಡೆಯಿಂದ ದೂರ ಕಡಿಮೆ, ನಿಜ. ಆದರೆ 2,000 ಮೀಟರಿನ ಊರಲ್ಲಿ ಎದ್ದು ಅದೇ ರಾತ್ರಿ ಅದರ ಎರಡರಷ್ಟು ಎತ್ತರದಲ್ಲಿ ಮಲಗಬೇಕಾಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಎನ್ನುತ್ತಾರೆ ವೈದ್ಯರು. ಅದಕ್ಕೇ ನಾವು ಶಿಮ್ಲಾ ದಾರಿ ಹಿಡಿದೆವು. ಸತ್ಲಜ್ ನದಿಯ ಪಕ್ಕದಲ್ಲೇ ಮೇಲೇರಿ ಕಲ್ಪಾ, ಆಮೇಲೆ ಪುಟ್ಟ ಕೆರೆಯ ಸುತ್ತ ಕಟ್ಟಿದ ನಾಕೋ, ಮುಂದೆ ಕಾಜಾ, ಕೊನೆಗೆ ಲೋಸರ್. ಕಲ್ಪಾದಲ್ಲಿ ಒಂದು ದಿನ ಜಾಸ್ತಿ ಉಳಿದೆವು. ಕಾಕಾ ಅವರಿಗೆ ವಯಸ್ಸಾಗಿದೆ, ಆದರೂ ತಲೆನೋವು ಅನ್ನಲಿಲ್ಲ. ನೀವು ಹೋಗುವುದಾದರೆ ಈ ದಾರಿಯನ್ನೇ ಹಿಡಿಯಿರಿ ಅಂತ ಕೈಮುಗಿದು ಹೇಳುತ್ತೇನೆ. ತಲೆನೋವಿನ ಜೊತೆ ವಾಂತಿ, ತೂರಾಟ ಶುರುವಾದರೆ ಕಾಯಬೇಡಿ, ರಾತ್ರಿಯಾದರೂ ಕೆಳಗಿಳಿಯಿರಿ.

ಬಯಲುಸೀಮೆಯವರಾದ ನಮಗೆ ಕಿಲೋಮೀಟರ್ ಎಣಿಸಿ ಅಭ್ಯಾಸ. ಅಲ್ಲಿ ಎಣಿಸಬೇಕಾದ್ದು ಗಂಟೆ, ಅದರಲ್ಲೂ ನೀರಿನ ಗಂಟೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳು ತುಂಬುತ್ತವೆ. ಮಧ್ಯಾಹ್ನದ ಮೇಲೆ ಸೆಳವು ಜೋರು. ರಾತ್ರಿಯ ಚಳಿಗೆ ಕರಗುವುದು ನಿಂತು, ಬೆಳಗಿನ ಹೊತ್ತಿಗೆ ನೀರು ಇಳಿದಿರುತ್ತದೆ. ಲೋಸರ್ ಮುಟ್ಟಿದಾಗ ಇನ್ನೂ ಬಿಸಿಲಿತ್ತು.

"ಹೊತ್ತ ಐತಲ್ಲೋ ತಮ್ಮಾ, ಇವತ್ತ ಕುಂಜಮ್ ದಾಟಿಬಿಡೂಣು" ಅಂದರು ಕಾಕಾ.

"ಬ್ಯಾಡ ಕಾಕಾ, ಈಗ ಹಳ್ಳ ತುಂಬಿರ್ತಾವ. ಮುಂಜಾನೆ ಲಗೂನ ಹೋಗೂಣು" ಅಂದೆ.

ಮರುದಿನ ಸುಮಾರು 4,550 ಮೀಟರ್ ಎತ್ತರದ ಕುಂಜಮ್ ಘಟ್ಟ ದಾಟಿ ಇಳಿದು, ಚಂದ್ರತಾಲದ ಕವಲು ದಾರಿಗೆ ತಿರುಗಿದಾಗ ಹಳ್ಳಗಳಲ್ಲಿ ನೀರು ಕಡಿಮೆಯೇ ಇತ್ತು. ಈ ಕವಲು ಒಂದೇ ಗಾಡಿಯ ಅಗಲ. ಎದುರು ಗಾಡಿ ಬಂದರೆ ಯಾರಾದರೂ ಹಿಂದೆ ಸರಿಯಲೇಬೇಕು.

ಚಂದ್ರತಾಲ 2005ರಿಂದ ರಾಮ್ಸರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮಹತ್ವದ ಜೌಗು, ಕೆರೆಗಳ ಪಟ್ಟಿ. ದಂಡೆಯ ಮೇಲೆ ಟೆಂಟ್ ಹಾಕುವಂತಿಲ್ಲ. ಕ್ಯಾಂಪಿನ ಜಾಗ ಒಂದಿಷ್ಟು ಹಿಂದೆಯೇ ಇದೆ, ಸರೋವರದ ಕೊನೆಯ ದಾರಿಯನ್ನು ನಡೆದೇ ಹೋಗಬೇಕು. ಈ ನಿಯಮ ನನಗೆ ತುಂಬಾ ಸರಿ ಅನ್ನಿಸಿತು. ಆ ನೀರಿನ ನೀಲಿ ಹಾಗೇ ಉಳಿಯಬೇಕಲ್ವಾ? ನಮ್ಮ ಕಸವನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಮನಾಲಿಯವರೆಗೂ ತಂದೆವು.

ಅಷ್ಟು ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲ, ಕುಕ್ಕರ್ ಬೇಕೇ ಬೇಕು. ನಾವು ಮಾತ್ರ ಹೆಚ್ಚಾಗಿ ಮನೆಯ ಬುತ್ತಿಯ ಮೇಲೇ ಇದ್ದೆವು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಾದಲಿ. ಯಾವುದೂ ಕೆಡಲಿಲ್ಲ, ಯಾವುದಕ್ಕೂ ಒಲೆ ಬೇಕಾಗಲಿಲ್ಲ. ಇಂಥ ಪ್ರವಾಸಕ್ಕೆ ನಮ್ಮ ಕಡೆಯ ಬುತ್ತಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಲೆ ಹಚ್ಚಿದ್ದು ಚಹಾಕ್ಕೆ, ಬೇಳೆ ಸಾರಿಗೆ. ಚಳಿಗೆ ಬ್ಯೂಟೇನ್ ಡಬ್ಬಿ ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ರಾತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲ ಬುಡದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಟೆಂಟಿನ ಒಳಗೆ ಮಾತ್ರ ಒಲೆ ಹಚ್ಚಲೇಬೇಡಿ, ಅದರ ವಿಷಗಾಳಿ ಜೀವ ತೆಗೆಯುತ್ತದೆ. ಎಷ್ಟೇ ಚಳಿ ಇದ್ದರೂ ಟೆಂಟಿನ ಗಾಳಿಕಿಂಡಿ ತೆರೆದಿರಲಿ. ಮುಚ್ಚಿದರೆ ಉಸಿರಿನ ತೇವ ಬಟ್ಟೆಗೆ ಹತ್ತಿ ಹಾಸಿಗೆ ಒದ್ದೆಯಾಗುತ್ತದೆ.

ಮನಾಲಿ ಕಡೆಗೆ ವಾಪಸ್ ಇಳಿಯುವಾಗ, ಕುಂಜಮ್ ಕೆಳಗಿನ ಬಾತಲ್ ದಾಟಿದ ಮೇಲೆ ಚಂದ್ರಾ ನದಿಯ ಆಚೆ ಕೈತೋರಿಸಿ, ಅದೇ ಬಡಾ ಶಿಗ್ರಿ ಅಂದೆ. ಹಿಮಾಚಲದ ಅತಿ ದೊಡ್ಡ ಹಿಮನದಿ, ಉದ್ದ ಸುಮಾರು 28 ಕಿಲೋಮೀಟರ್. ಹೆಂಡತಿ ನಂಬಲಿಲ್ಲ. ಬಿಳಿ ಎಲ್ಲಿದೆ ಅಂತ ಕೇಳಿದಳು. ನಮ್ಮ ಕಡೆಯ ಕಲ್ಲು ಕ್ವಾರಿಯ ಗುಡ್ಡೆಯ ಹಾಗೆ ಬೂದು ಬಣ್ಣದ ಕಲ್ಲುಮಣ್ಣಿನ ರಾಶಿ ಅದು. ಮಂಜುಗಡ್ಡೆ ಅದರ ಅಡಿಯಲ್ಲಿರುತ್ತದೆ. ಹಿಮನದಿ ಜಾರುತ್ತಾ ಬಂಡೆಯನ್ನು ಅರೆದು ಹಿಟ್ಟು ಮಾಡುತ್ತದೆ, ಆ ಹಿಟ್ಟು ಬೆರೆತು ಚಂದ್ರಾ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅದೇ ನದಿ ಮುಂದೆ ತಾಂಡಿಯಲ್ಲಿ ಭಾಗಾ ನದಿಯನ್ನು ಕೂಡಿ ಚಿನಾಬ್ ಆಗುತ್ತದೆ.

ಬಾತಲ್‌ನಿಂದ ಮನಾಲಿ ರಸ್ತೆ ಸೇರುವ ಗ್ರಾಂಫೂವರೆಗಿನ ಸುಮಾರು 50 ಕಿಲೋಮೀಟರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಪೆಟ್ರೋಲ್ ಕಾಜಾದಲ್ಲೇ ತುಂಬಿಸಿ, ಮಧ್ಯೆ ಬಂಕ್ ಇಲ್ಲ. ಕೈಯಲ್ಲಿ ನಗದು ಇರಲಿ. ಕುಂಜಮ್ ರಸ್ತೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ನಾವು ಸೆಪ್ಟೆಂಬರ್ ಆರಿಸಿಕೊಂಡದ್ದು ಮಳೆ ತಗ್ಗಿರುತ್ತದೆ, ಹಳ್ಳದ ನೀರೂ ಇಳಿದಿರುತ್ತದೆ ಎಂದು.