ಬಯಲಲ್ಲಿ ಕಯೋಟಿ ಕರೆಯುವುದು: ಗಾಳಿ ನೋಡಿ ಕೂರಬೇಕು

ಮಲೆನಾಡಿನ ಹಳಬರಿಗೆ ಸೋವು ಗೊತ್ತು, ಮರಸು ಗೊತ್ತು. ಸೋವಿನಲ್ಲಿ ಜನ ಗದ್ದಲ ಮಾಡಿ ಪ್ರಾಣಿಯನ್ನು ಕೋವಿಯ ಕಡೆ ಅಟ್ಟುತ್ತಾರೆ. ಮರಸಿನಲ್ಲಿ ಅದು ತಾನಾಗಿ ಬರುವ ಜಾಗದಲ್ಲಿ ಕಾದು ಕೂರುತ್ತಾರೆ. ಅಮೆರಿಕದಲ್ಲಿ ನರಿ-ತೋಳಗಳ ಜಾತಿಯ ಕಯೋಟಿ ಎಂಬ ಕಾಡುಪ್ರಾಣಿ ಇದೆ; ಅದರ ಬೇಟೆ ಎರಡೂ ಅಲ್ಲ. ಗಾಯಗೊಂಡ ಮೊಲದಂತೆ ಚೀರಿಯೋ ಇನ್ನೊಂದು ಕಯೋಟಿಯಂತೆ ಊಳಿಟ್ಟೋ ಅದನ್ನು ನಾವಿರುವಲ್ಲಿಗೆ ಕರೆಸಿಕೊಳ್ಳಬೇಕು. ಅಮೆರಿಕದವರು ಇದನ್ನು ಬರೀ 'ಕಾಲಿಂಗ್' ಅನ್ನುತ್ತಾರೆ. ನಾನಿಲ್ಲಿ ಹೇಳುತ್ತಿರುವುದು ಕೊಲೊರಾಡೊದ ಈಶಾನ್ಯ ಮೂಲೆಯ ಪಾನಿ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಸುತ್ತಿನ ಹುಲ್ಲುಬಯಲಲ್ಲಿ ಹಗಲು ಹೊತ್ತು ಮಾಡುವ ಬೇಟೆ. ಅಲ್ಲಿ ಮರವಿಲ್ಲ, ಪೊದೆ ಅಂದರೆ ಮೊಣಕಾಲೆತ್ತರದ ಯಕ್ಕ (ನಮ್ಮ ಎಕ್ಕವಲ್ಲ, ಕತ್ತಾಳೆಯಂಥ ಮೊನಚು ಎಲೆಯ ಯುಕ್ಕಾ), ಹುಲ್ಲು ಗೇಣುದ್ದ. ಊರಿನಲ್ಲಿ ಇದರ ಪ್ರಯೋಗದ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ನರಿ, ತೋಳ ಎರಡೂ ರಕ್ಷಿತ.

ಮೊದಲು ಕಾಗದಪತ್ರ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಅಲ್ಲಿನ ಫೆಡರಲ್ ಕಾನೂನಿನಂತೆ ಕೋವಿಯನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇರುವ ವಿನಾಯಿತಿಗಳಲ್ಲಿ ನಮ್ಮಂಥವರ ಕೆಲಸಕ್ಕೆ ಬರುವುದು ಒಂದೇ: ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗೆಳೆಯನ ಕೋವಿಯನ್ನು ಒಂದು ಬೆಳಗಿನ ಮಟ್ಟಿಗೆ ಎರವಲು ತಂದರೂ ಇದೇ ನಿಯಮ. ಪಕ್ಕದ ವಯೋಮಿಂಗಿನಲ್ಲಿ ಕಯೋಟಿಗೆ ಲೈಸೆನ್ಸೇ ಬೇಡ ಎಂದು ಅಲ್ಲಿನವರು ಹೇಳುತ್ತಾರೆ. ನಿಜ. ಆದರೆ ವೀಸಾದವರಿಗೆ ಲೈಸೆನ್ಸ್ ಬೇಕಿರುವುದು ಕಯೋಟಿಗಲ್ಲ, ಕೋವಿಗೆ. ಕೊಲೊರಾಡೊದಲ್ಲಿ ಸ್ಮಾಲ್ ಗೇಮ್ (ಸಣ್ಣ ಬೇಟೆ) ಅಥವಾ ಫರ್‌ಬೇರರ್ (ತುಪ್ಪಳದ ಪ್ರಾಣಿ) ಲೈಸೆನ್ಸ್ ಇದ್ದರೆ ವರ್ಷವಿಡೀ ಕಯೋಟಿ ಹೊಡೆಯಬಹುದು. 1949ರ ಜನವರಿ 1ರಂದು ಇಲ್ಲವೇ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ವಾರ್ಷಿಕ ಲೈಸೆನ್ಸಿನ ಆಯಸ್ಸು ಮಾರ್ಚ್ 31ರವರೆಗೆ; ವೀಸಾದಲ್ಲಿದ್ದು ಹೊಸದನ್ನು ತೆಗೆದುಕೊಳ್ಳದೆ ಹೋದರೆ ಏಪ್ರಿಲ್ 1ರಂದು ಕೋವಿ ಬೀರುವಿನಲ್ಲಿದ್ದರೂ ತೊಡಕೇ. ಗ್ರೀನ್ ಕಾರ್ಡ್ ಬಂದವರಿಗೆ ಈ ತಲೆನೋವಿಲ್ಲ.

ಪಾನಿಯ ನಕ್ಷೆ ಚದುರಂಗದ ಹಾಸಿನ ಹಾಗಿದೆ. ಒಂದು ಮನೆ ಫಾರೆಸ್ಟ್ ಸರ್ವಿಸಿನದು, ಪಕ್ಕದ್ದು ಯಾರದೋ ರಾಂಚು, ಅದರಾಚೆಯದು ಸ್ಟೇಟ್ ಟ್ರಸ್ಟ್ ಲ್ಯಾಂಡ್. ಟ್ರಸ್ಟ್ ಲ್ಯಾಂಡ್ ಎಂಬ ಹೆಸರು ನೋಡಿ ಸಾರ್ವಜನಿಕ ಜಾಗ ಅಂದುಕೊಳ್ಳಬಾರದು. ಬೇಟೆಗೆಂದು ತೆರೆದದ್ದಾದರೆ ಮಾತ್ರ ಕಾಲಿಡಬಹುದು. ಗಡಿಗೆ ಬೇಲಿಯನ್ನು ನಂಬಿದರೆ ಕೆಟ್ಟಿರಿ. ಫೋನಿನಲ್ಲಿ ಆನ್‌ಎಕ್ಸ್‌ನಂಥ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ, ಅಲ್ಲಿ ಸಿಗ್ನಲ್ ಸಿಗುವ ಭರವಸೆ ಇಲ್ಲ. ಬಯಲ ನಡುವೆ ತಂತಿಬೇಲಿಯೊಳಗೆ ಒಂದು ಕಾಂಕ್ರೀಟ್ ಹಾಸು ಕಂಡರೆ ಅದು ಮಿನಿಟ್‌ಮನ್ ಕ್ಷಿಪಣಿಯ ಬಾವಿ. ಕೋವಿ ಹಿಡಿದು ಅದರ ಆಸುಪಾಸು ಸುಳಿಯಬೇಡಿ.

ಇನ್ನು ಪ್ರಾಣಿ. ಚಳಿಗಾಲದ ತುಪ್ಪಳದಲ್ಲಿ ಕಯೋಟಿ ಭಾರಿ ಕಾಣುತ್ತದೆ, ತೂಗಿದರೆ ಬಯಲುಸೀಮೆಯದು 10ರಿಂದ 15 ಕೆಜಿ. ನಮ್ಮ ನರಿಗಿಂತ ತುಸು ದೊಡ್ಡದು, ಅಷ್ಟೇ. ಗುಂಡು ತಾಗಲೇಬೇಕಾದ ಎದೆಯ ಭಾಗ ಸುಮಾರು 4 ಇಂಚು ಅಗಲ. ಅದರ ಸುತ್ತ ಕಾಣುವುದೆಲ್ಲ ಕೂದಲು. ಕೊಲೊರಾಡೊ 2023ರ ಡಿಸೆಂಬರಿನಲ್ಲಿ ಬೂದು ತೋಳಗಳನ್ನು ಮತ್ತೆ ಕಾಡಿಗೆ ಬಿಡತೊಡಗಿತು. ಬಿಟ್ಟದ್ದು ಬೆಟ್ಟಗಳ ಆಚೆ ಬದಿಯಲ್ಲಾದರೂ ತೋಳಕ್ಕೆ ಗಡಿ ಇಲ್ಲ, ಹೊಡೆದರೆ ದೊಡ್ಡ ಅಪರಾಧ. ಮೂತಿ ದಪ್ಪ, ಕಿವಿ ಗಿಡ್ಡ, ಮೈ ಕಯೋಟಿಯ ಮೂರು ಪಾಲು ಎನಿಸಿದರೆ ಕೋವಿಯ ಕುದುರೆಯ (ಟ್ರಿಗರ್) ಮೇಲಿಂದ ಬೆರಳು ತೆಗೆಯಿರಿ. ಇನ್ನೊಂದು ತುದಿಯಲ್ಲಿ ಸ್ವಿಫ್ಟ್ ಫಾಕ್ಸ್ ಇದೆ. 2-3 ಕೆಜಿಯ ಈ ಪುಟ್ಟ ನರಿಯೂ ಮೊಲದ ಕೂಗಿಗೆ ಓಡಿ ಬರುತ್ತದೆ, ಅದರ ನಿಯಮ ಬೇರೆ.

ಈಗ ಗಾಳಿ. ಬಯಲಲ್ಲಿ ಎಲ್ಲವೂ ಇದರ ಮೇಲೆ ನಿಂತಿದೆ. ಕಯೋಟಿ ಕಿವಿಯಿಂದ ಹೊರಡುತ್ತದೆ, ಕಣ್ಣಿನಿಂದ ದಾರಿ ಹಿಡಿಯುತ್ತದೆ, ಆದರೆ ನಂಬುವುದು ಮೂಗನ್ನು ಮಾತ್ರ. ಸದ್ದು ಬಂದ ಕಡೆಗೆ ನೇರ ಬರುವುದು ಎಳೆಯವು. ಬಲಿತದ್ದು ನೂರಿನ್ನೂರು ಗಜ ದೂರದಲ್ಲೇ ಬಳಸಿಕೊಂಡು, ಗಾಳಿ ಬೀಸಿ ಹೋಗುವ ಕಡೆಗೆ ಸುತ್ತು ಹಾಕಿ, ಆ ಸದ್ದಿನ ವಾಸನೆ ಏನೆಂದು ನೋಡಿಯೇ ಮುಂದಿನ ಹೆಜ್ಜೆ ಇಡುತ್ತದೆ. ಈ ಸುತ್ತನ್ನು ತಪ್ಪಿಸಲಾಗದು. ಸುತ್ತು ಹಾಕುವ ನೆಲ ನಮ್ಮ ಕಣ್ಣೆದುರು ಬರುವಂತೆ ಕೂರಬಹುದು.

ನಾನು ಕೂರುವುದು ಹೀಗೆ. ಬೆಳಗಿನ ಹೊತ್ತು, ಗಾಳಿ ಉತ್ತರದಿಂದ ಎಂದಿಟ್ಟುಕೊಳ್ಳಿ. ಉತ್ತರ-ದಕ್ಷಿಣ ಚಾಚಿದ ಒಂದು ದಿಬ್ಬದ ಪಶ್ಚಿಮ ಇಳಿಜಾರಿನಲ್ಲಿ, ನೆತ್ತಿಯಿಂದ ಮೂರನೇ ಒಂದು ಭಾಗ ಕೆಳಗೆ, ಯಕ್ಕ ಪೊದೆಗೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ಮುಖ ಮಾಡುತ್ತೇನೆ. ಸೂರ್ಯ ಬೆನ್ನ ಹಿಂದೆ, ದಿಬ್ಬದ ನೆರಳು ಮೈಮೇಲೆ. ಕರೆಯುವ ಯಂತ್ರವನ್ನು (ಪ್ರಾಣಿಗಳ ಕೂಗು ನುಡಿಸುವ ಸ್ಪೀಕರ್) ವಾಯವ್ಯಕ್ಕೆ, ಎಂದರೆ ನನ್ನ ಬಲಮುಂದಕ್ಕೆ, 70 ಗಜ ದೂರ ಇಡುತ್ತೇನೆ. ಯಂತ್ರದ ಮೇಲಿಂದ ಹಾಯ್ದ ಗಾಳಿ ನನ್ನೆದುರು 50 ಗಜ ಆಚೆ ದಕ್ಷಿಣಕ್ಕೆ ಹೋಗುತ್ತದೆ. ನನ್ನ ಮೈವಾಸನೆಯೂ ದಕ್ಷಿಣಕ್ಕೇ ಹೋಗುತ್ತದೆ, ಆದರೆ ದಿಬ್ಬಕ್ಕೆ ಅಂಟಿಕೊಂಡು. ಪಶ್ಚಿಮದ ಬಯಲಿಂದ ಬರುವ ಕಯೋಟಿ ಮೊದಲು ಮುಟ್ಟುವುದು ಯಂತ್ರದ ಗೆರೆಯನ್ನು. ನನ್ನ ವಾಸನೆ ಮೂಗಿಗೆ ಹತ್ತುವ ಮುಂಚೆ ಅದು ಎಡಮುಂದಿನ ಬಯಲಲ್ಲಿ ಮರೆಯಿಲ್ಲದೆ ನಿಂತಿರುತ್ತದೆ. ಸಂಜೆ ಇದೇ ಲೆಕ್ಕವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ, ಪೂರ್ವದ ಇಳಿಜಾರಿಗೆ ಹೋಗಿ.

ಅಡಗಲು ಪೊದೆ ಹುಡುಕುವುದು ಕಾಡಿನಿಂದ ಬಂದವರ ಅಭ್ಯಾಸ. ಬಯಲಲ್ಲಿ ಅಡಗಿಸುವುದು ನೆರಳು ಮತ್ತು ಅಲುಗದ ಮೈ. ಉಡುಪಿನ ಬಣ್ಣ ಒಣಹುಲ್ಲಿನದಾದರೆ ಸಾಕು. ಮುಖಕ್ಕೆ, ಕೈಗೆ ಮಾತ್ರ ಮುಸುಕು ಬೇಕೇ ಬೇಕು, ಬೆಳಗಿನ ಬಿಸಿಲಿಗೆ ಅವೇ ಮೊದಲು ಹೊಳೆಯುವುದು.

ಗಾಳಿ ನೋಡಲು ಪುಡಿ ತುಂಬಿದ ಪುಟ್ಟ ಬಾಟಲಿ ಮಾರುತ್ತಾರೆ. ಅದರ ಪುಡಿ ನಾಲ್ಕು ಮಾರು ಹೋಗಿ ಮಾಯ. ನಾನು ಒಯ್ಯುವುದು ಮಿಲ್ಕ್‌ವೀಡ್ ಕಾಯಿಯೊಳಗಿನ ಹತ್ತಿ, ಥೇಟ್ ನಮ್ಮ ಎಕ್ಕದ ಹತ್ತಿಯಂಥದ್ದು. ಒಂದು ಎಳೆ ಬಿಟ್ಟರೆ ಐವತ್ತು ಗಜ ಕಣ್ಣಿಗೆ ಕಾಣುತ್ತ ತೇಲುತ್ತದೆ. ಎದೆಯ ಹತ್ತಿರ ಉತ್ತರದ್ದೆಂದು ತೋರಿದ ಗಾಳಿ ಇಪ್ಪತ್ತು ಗಜ ಆಚೆ ಕೊರಕಲಿನೊಳಗೆ ಇಳಿದು ಪಶ್ಚಿಮಕ್ಕೆ ತಿರುಗುವುದನ್ನು ಅದು ತೋರಿಸಿಕೊಡುತ್ತದೆ. ಹಾಗಾದರೆ ಎದ್ದು ಬೇರೆ ಜಾಗ ನೋಡಿ. ಗಂಟೆಗೆ 15 ಮೈಲಿ ದಾಟಿದ ಗಾಳಿಯಲ್ಲಿ ಸದ್ದೂ ದೂರ ಹೋಗದು, ಗುಂಡೂ ನೆಟ್ಟಗೆ ಹೋಗದು. ಈ ಬಯಲಲ್ಲಿ ಹೊತ್ತು ಏರಿದಂತೆ ಗಾಳಿಯೂ ಏಳುತ್ತದೆ, ಆದ್ದರಿಂದ ಬೆಳಗಿನ ಮೊದಲ ಎರಡು ಗಂಟೆಯೇ ಬಂಡವಾಳ.

ಗಾಡಿಯನ್ನು ದಿಬ್ಬದ ಹಿಂದೆ ಕಾಲು ಮೈಲಿ ದೂರ ಬಿಡಿ. ಬಾಗಿಲನ್ನು ದೂಡಿ ಒತ್ತಿ ಮುಚ್ಚಿ, ಬಡಿಯಬೇಡಿ. ತಣ್ಣನೆಯ ಬೆಳಗಿನಲ್ಲಿ ಆ ಒಂದು ಸದ್ದು ಅರ್ಧ ಮೈಲಿ ಕೇಳುತ್ತದೆ. ನೆತ್ತಿ ದಾಟುವಾಗ ಆಕಾಶಕ್ಕೆ ಎದುರಾಗಿ ನಿಂತುಬಿಡುವುದು ಎಲ್ಲರೂ ಮಾಡುವ ತಪ್ಪು. ತಗ್ಗಿನ ಜಾಗ ನೋಡಿ ಬಗ್ಗಿ ದಾಟಬೇಕು. ಎಷ್ಟೋ ಬೇಟೆ ಮೊದಲ ಕೂಗಿಗೂ ಮುಂಚೆ ಇಲ್ಲೇ ಮುಗಿದಿರುತ್ತದೆ, ಕೂತವನಿಗೆ ಗೊತ್ತೇ ಆಗುವುದಿಲ್ಲ.

ಕೂತ ಮೇಲೆ ಐದು ನಿಮಿಷ ಸುಮ್ಮನಿರಿ. ಆ ಹೊತ್ತಿನಲ್ಲಿ ರೇಂಜ್‌ಫೈಂಡರಿನಿಂದ ಮೂರು ಗುರುತು ಅಳೆದಿಟ್ಟುಕೊಳ್ಳಿ: ಒಂದು ಬೇಲಿಗೂಟ, ಒಂದು ಯಕ್ಕ, ಒಂದು ಕೊರಕಲಿನ ಅಂಚು. ಬರಿ ನೆಲದ ಮೇಲೆ 150 ಗಜವೂ 280 ಗಜವೂ ಕಣ್ಣಿಗೆ ಒಂದೇ, ಪ್ರಾಣಿ ಬಂದ ಮೇಲೆ ಅಳೆಯಲು ಕೈ ಎತ್ತುವ ಹಾಗಿಲ್ಲ.

ಮೊದಲ ಸದ್ದು ಮೆಲ್ಲಗಿರಲಿ, ಯಂತ್ರದ ಶಕ್ತಿಯ ಕಾಲು ಭಾಗ. ಎದುರಿನ ಕೊರಕಲಿನಲ್ಲಿ ನೂರು ಗಜಕ್ಕೇ ಒಂದು ಮಲಗಿದ್ದರೆ ಜೋರು ಕೂಗು ಅದನ್ನು ಕರೆಯುವುದಿಲ್ಲ, ಓಡಿಸುತ್ತದೆ. ಮೊಲದ ಚೀತ್ಕಾರ ಎರಡು ನಿಮಿಷ, ಒಂದು ನಿಮಿಷ ಮೌನ, ಸ್ವಲ್ಪ ಏರಿಸಿ ಮತ್ತೆ ಎರಡು ನಿಮಿಷ. ಎಂಟನೆಯ ನಿಮಿಷಕ್ಕೆ ಮರಕುಟಿಗದ ಕೂಗಿಗೆ ಬದಲಿಸುತ್ತೇನೆ. ಮೊಲದ ಸದ್ದು ಕೇಳಿ ಕೇಳಿ ಬುದ್ಧಿ ಕಲಿತವು ಹಕ್ಕಿಯ ಸದ್ದಿಗೆ ಇನ್ನೂ ಬರುತ್ತವೆ. ಹನ್ನೆರಡಕ್ಕೆ ಒಂಟಿ ಊಳು ಎರಡು ಸಲ, ಮೂರು ನಿಮಿಷ ಮೌನ. ಕೊನೆಗೆ ಮರಿಯ ನೋವಿನ ಕೂಗು. ಹದಿನೆಂಟು ನಿಮಿಷಕ್ಕೆ ಏಳುತ್ತೇನೆ. ಬಿಟ್ಟರೂ ಬಿಡದೆ ಮುಕ್ಕಾಲು ಗಂಟೆ ಕೂರುವವರಿದ್ದಾರೆ. ಬಯಲಲ್ಲಿ ಬರುವುದಾದರೆ ಹತ್ತು ಹನ್ನೆರಡು ನಿಮಿಷದಲ್ಲೇ ಕಣ್ಣಿಗೆ ಬೀಳುತ್ತದೆ, ಆ ಹೊತ್ತನ್ನು ಹೊಸ ಜಾಗಕ್ಕೆ ಕೊಡುವುದು ಲಾಭ.

ಇದು ಅಕ್ಟೋಬರ್, ನವೆಂಬರಿನ ಕ್ರಮ. ಆಗ ಆ ವರ್ಷದ ಮರಿಗಳು ತಾಯಿಯನ್ನು ಬಿಟ್ಟು ಹೊಸ ನೆಲ ಹುಡುಕುತ್ತ ಹಸಿದಿರುತ್ತವೆ. ಜನವರಿ ಕೊನೆಯಿಂದ ಫೆಬ್ರವರಿ ಜೋಡಿಗೂಡುವ ಕಾಲ, ಆಗ ಕ್ರಮ ತಿರುವುಮುರುವು: ಮೊದಲು ಹೆಣ್ಣಿನ ಊಳು, ಉದ್ದನೆಯ ಮೌನ, ಆಮೇಲೆ ಬೇಕಿದ್ದರೆ ಮೊಲ. ಗರ್ಭ ಸುಮಾರು 63 ದಿನ, ಏಪ್ರಿಲ್ ಹೊತ್ತಿಗೆ ಗುಹೆಯಲ್ಲಿ ಮರಿಗಳಿರುತ್ತವೆ. ಆಗ ಕಾನೂನು ಬಿಟ್ಟರೂ ನಾನು ಕೋವಿ ಒಳಗಿಡುತ್ತೇನೆ. ಹೇಗೂ ಆಗಿನ ತುಪ್ಪಳವೂ ಕೆಲಸಕ್ಕೆ ಬಾರದು.

ಯಂತ್ರದ ಜೊತೆಗೆ ಬಾಯಲ್ಲಿ ಊದುವ ಪೀಪಿ ಒಂದು ಇರಲೇಬೇಕು. ಓಪನ್ ರೀಡ್ ಪೀಪಿಯಲ್ಲಿ ಪ್ಲಾಸ್ಟಿಕ್ ನಾಲಗೆ ಹೊರಗಿರುತ್ತದೆ. ತುದಿಯಲ್ಲಿ ತುಟಿ ಒತ್ತಿದರೆ ಕೀಚಲು ಸ್ವರ, ಬುಡದ ಕಡೆ ಸರಿದಂತೆ ದಪ್ಪ. ಕಲಿಯುವವರು ತಾಳ ಹಿಡಿದು ಊದುತ್ತಾರೆ, ಪ್ರತಿ ಕೂಗೂ ಒಂದೇ ಅಳತೆ. ಸಾಯುವ ಮೊಲಕ್ಕೆ ತಾಳವಿಲ್ಲ. ಜೋರಾಗಿ ಹಿಡಿದು, ಉಸಿರು ಕಟ್ಟಿ, ನಡುಗಿ, ಮೂರನೆಯದಕ್ಕೆ ಅರ್ಧಕ್ಕೇ ನಿಲ್ಲಬೇಕು. ಮೈನಸ್ 10 ಡಿಗ್ರಿಯಲ್ಲಿ ಎಂಜಲು ನಾಲಗೆಗೆ ಹೆಪ್ಪುಗಟ್ಟಿ ಪೀಪಿ ಮೂಕವಾಗುತ್ತದೆ. ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಿ, ಊದಿದ ಮೇಲೆ ಒಮ್ಮೆ ಒದರಿ. ಯಂತ್ರದ ಬ್ಯಾಟರಿಗೂ ಅದೇ ಬೆಚ್ಚನೆ ಬೇಕು. ಬೋಲ್ಟಿಗೆ ದಪ್ಪ ಎಣ್ಣೆ ಹಾಕಿದ್ದರೆ ಚಳಿಗೆ ಅಂಟಾಗಿ ಪಿನ್ನು ಮೆಲ್ಲಗೆ ಬಡಿಯುತ್ತದೆ, ತೋಟಾ ಹಾರುವುದಿಲ್ಲ. ಒರೆಸಿ ಒಣಗಿಸಿಡಿ.

ಕೋವಿ .223 ಬೋಲ್ಟ್ ಆಕ್ಷನ್, 55 ಗ್ರೇನ್ ತೂಕದ ಗುಂಡು, 200 ಗಜಕ್ಕೆ ಗುರಿ ಹೊಂದಿಸಿದ್ದು. 100 ಗಜದಲ್ಲಿ ಗುಂಡು ಒಂದೂವರೆ ಇಂಚು ಮೇಲೆ, 300ರಲ್ಲಿ ಸುಮಾರು 7 ಇಂಚು ಕೆಳಗೆ. ಇಳಿತ ಮೋಸ ಮಾಡುವುದಿಲ್ಲ, ಗಾಳಿ ಮಾಡುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು 200 ಗಜಕ್ಕೆ 4 ಇಂಚು, 300ಕ್ಕೆ ಹೆಚ್ಚುಕಡಿಮೆ 10 ಇಂಚು ತಳ್ಳುತ್ತದೆ. ಎದೆಯ ಅಗಲ 4 ಇಂಚು ಎಂದ ಮೇಲೆ ಲೆಕ್ಕ ನೀವೇ ಹಾಕಿ. ನನ್ನ ಮಿತಿ 200 ಗಜ, ಗಾಳಿ ಸತ್ತ ಬೆಳಗಿನಲ್ಲಿ 250. ಇನ್ನೂ ವೇಗದ .22-250 ಕೋವಿ ಇದ್ದವರು ಇನ್ನೂ ಐವತ್ತು ಗಜ ಚಾಚಬಹುದು. ಸ್ಕೋಪ್ 4 ಅಥವಾ 5 ಪಟ್ಟಿಗೆ ಇರಲಿ. 16ಕ್ಕೆ ತಿರುಗಿಸಿಟ್ಟರೆ ಓಡಿ ಬರುವ ಕಯೋಟಿಯ ಬದಲು ಬರೀ ಹುಲ್ಲು ಕಾಣುತ್ತದೆ. ಕೋವಿಯ ಕೆಳಗೆ ಮೊದಲಿಂದಲೇ ಕವೆಗೋಲು ಇರಬೇಕು.

ಬರುವುದು ಕಂಡಿತು. ಕೋವಿ ತಿರುಗಿಸಬೇಕಾದರೆ ಅದರ ತಲೆ ತಗ್ಗಿಗೋ ಯಕ್ಕದ ಹಿಂದಕ್ಕೋ ಹೋದ ಕ್ಷಣದಲ್ಲಿ ಮಾತ್ರ. ನಿಮ್ಮತ್ತಲೇ ನೇರ ಬರುತ್ತಿದ್ದರೆ ತಡೆಯಬೇಡಿ, ಬರಲಿ. ಅಡ್ಡ ಓಡುತ್ತಿದ್ದರೆ ಬಾಯಲ್ಲೇ ಗಂಟಲಿನಿಂದ 'ವೂಫ್' ಎಂದು ಒಮ್ಮೆ ಬೊಗಳಿ; ನಿಂತು ನೋಡುತ್ತದೆ, ಒಂದೆರಡು ಸೆಕೆಂಡು. ಕಣ್ಣು ಸ್ಕೋಪಿನಲ್ಲಿ, ಬೆರಳು ಕುದುರೆಯ ಮೇಲೆ ಸಿದ್ಧವಿದ್ದಾಗ ಮಾತ್ರ ಬೊಗಳಬೇಕು. ಮೂಗು ಮೇಲೆತ್ತಿ ತಲೆ ಗಾಳಿಗೆ ತಿರುಗಿಸಿತೋ, ವಾಸನೆ ಹತ್ತಿತು ಎಂದೇ ಅರ್ಥ, ಹೊಡೆಯುವುದಾದರೆ ಆಗಲೇ. ದೂರದಲ್ಲಿ ಕೂತು ಕಟುವಾಗಿ ಬಿಟ್ಟುಬಿಟ್ಟು ಬೊಗಳತೊಡಗಿದರೆ ಅದು ನೆರೆಹೊರೆಗೆಲ್ಲ ಸುದ್ದಿ ಸಾರುತ್ತಿದೆ. ಏನೂ ಊದಬೇಡಿ. ಊದಿದಷ್ಟೂ ಅದಕ್ಕೆ ಪಾಠ.

ಈಡು ಹಾರಿದ ಕೂಡಲೇ ಏಳಬಾರದು. ಚಳಿಗಾಲದಲ್ಲಿ ಜೋಡಿಯಾಗಿ ಬರುವುದು ಹೆಚ್ಚು. ಕ್ಷಣ ತಡಮಾಡದೆ ಏಟು ತಿಂದ ನಾಯಿಮರಿಯ 'ಕೈಂ ಕೈಂ' ಸದ್ದು ಹಾಕಿದರೆ ಓಡಿಹೋಗುತ್ತಿದ್ದ ಎರಡನೆಯದು ನಿಂತು ತಿರುಗುತ್ತದೆ. ಮೂರು ನಿಮಿಷ ನೋಡಿ. ಆಮೇಲೆ ಬಿದ್ದದ್ದರ ಬೆನ್ನ ಕಡೆಯಿಂದ ಹೋಗಿ, ಉದ್ದ ಕೋಲಿನಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕಿದರೆ ಇನ್ನೊಂದು ಗುಂಡು.

ಬರಿಗೈಯಲ್ಲಿ ಮುಟ್ಟಬೇಡಿ. ಈ ಬಯಲಿನ ಪ್ರೇರಿ ಡಾಗ್ (ನಾಯಿಯಲ್ಲ, ಅಳಿಲಿನ ಜಾತಿಯದು) ಬಿಲಗಳಲ್ಲಿ ಪ್ಲೇಗ್ ಇದೆ, ಅದನ್ನು ಒಯ್ಯುವುದು ಚಿಗಟ. ಮೈ ತಣಿಯುತ್ತಿದ್ದಂತೆ ಚಿಗಟಗಳು ಹೊಸ ಬೆಚ್ಚನೆಯ ಮೈ ಹುಡುಕಿ ಹೊರಡುತ್ತವೆ. ರಬ್ಬರ್ ಕೈಗವಸು ಹಾಕಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚಿಗಟದ ಸ್ಪ್ರೇ ಹೊಡೆದು ಬಾಯಿ ಕಟ್ಟಿ ಅರ್ಧ ಗಂಟೆ ಬಿಡಿ. ಬಾಲ, ಪಕ್ಕೆಗಳಲ್ಲಿ ಕೂದಲುದುರಿ ಚರ್ಮ ದಪ್ಪಗಟ್ಟಿದ್ದರೆ ಅದು ಕಜ್ಜಿ, ಸುಲಿಯುವ ಗೋಜಿಗೆ ಹೋಗಬೇಡಿ. ತುಪ್ಪಳಕ್ಕೆ ಈಗ ಬೆಲೆಯೂ ಅಷ್ಟಕ್ಕಷ್ಟೆ. ಕೋಟಿನ ಟೋಪಿಯಂಚಿಗೆ ಕಯೋಟಿ ತುಪ್ಪಳ ಹೊಲಿಯುತ್ತಿದ್ದ ಕೆನಡಾ ಗೂಸ್ ಕಂಪನಿಯೇ ತುಪ್ಪಳ ಬಿಡುವುದಾಗಿ 2021ರಲ್ಲಿ ಪ್ರಕಟಿಸಿತು.

ಮುಂದಿನ ಜಾಗ ಕನಿಷ್ಠ ಒಂದು ಮೈಲಿ ಆಚೆ, ಗಾಳಿ ಸತ್ತಿದ್ದರೆ ಎರಡು. ಕರೆದ ಜಾಗಕ್ಕೆ ಮೂರು ವಾರ ಮತ್ತೆ ಹೋಗುವುದಿಲ್ಲ. ಹೋದರೂ ಬೇರೆ ದಿಬ್ಬ, ಬೇರೆ ಸದ್ದು. ಯಾವ ದಿನ, ಯಾವ ಗಾಳಿ, ಎಷ್ಟನೇ ನಿಮಿಷಕ್ಕೆ ಯಾವ ದಿಕ್ಕಿನಿಂದ ಬಂತು ಎಂಬುದನ್ನು ಗಾಡಿ ಹತ್ತುವ ಮುಂಚೆಯೇ ಬರೆದಿಟ್ಟುಕೊಳ್ಳುತ್ತೇನೆ. ಪೆನ್ಸಿಲಿನಲ್ಲಿ, ಆ ಚಳಿಗೆ ಪೆನ್ನು ಓಡುವುದಿಲ್ಲ.