ಅಲ್ಡ್ರಾಪಿನ ಸರಳಿಗೆ ಮೀನಿನ ಹುರುಪೆಯ ಮೆರುಗು

ಉಕ್ಕಿನ ಮೇಲೆ ಒಂದೇ ಅಳತೆಯ ಸಣ್ಣ ವೃತ್ತಗಳನ್ನು, ಪ್ರತಿಯೊಂದೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ, ಸಾಲು ಸಾಲಾಗಿ ತಿಕ್ಕುತ್ತ ಹೋದರೆ ಇಡೀ ಮೇಲ್ಮೈ ಮೀನಿನ ಹುರುಪೆಯಂತೆ ಮಿನುಗುತ್ತದೆ. ರೈಫಲ್ಲುಗಳ ಬೋಲ್ಟ್ ಮೇಲೆ, ಒಳ್ಳೆಯ ಕೈಗಡಿಯಾರಗಳ ಒಳತಟ್ಟೆಯ ಮೇಲೆ, 1927ರಲ್ಲಿ ಅಮೆರಿಕದ ವಿಮಾನಚಾಲಕ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಿದ ವಿಮಾನದ ಮೂತಿಯ ತಗಡಿನ ಮೇಲೆ ಇರುವುದು ಇದೇ ಕೆಲಸ. ನಾನು ಮಲ್ಪೆಯಲ್ಲಿ ಮೀನುಗಾರಿಕಾ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸುವವನು. ಬಂದೂಕಿನ ದುರಸ್ತಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕಾಗಿರುವುದರಿಂದ ಅತ್ತ ಕೈ ಹಾಕದೆ, ನಮ್ಮ ಮನೆಯ ಹಲಸಿನ ಮರದ ಮುಂಬಾಗಿಲ ಅಲ್ಡ್ರಾಪನ್ನು, ಎಂದರೆ ಬೀಗ ಹಾಕುವ ಜಾರು ಚಿಲಕವನ್ನು, ಆರಿಸಿಕೊಂಡೆ. ಗುಂಡಗಿನ ಉಕ್ಕು, ಹಿಂದೆ ಮುಂದೆ ಜಾರುವುದು, ಪಕ್ಕಕ್ಕೊಂದು ಹಿಡಿ. ರೈಫಲ್ ಬೋಲ್ಟಿನ ಲಕ್ಷಣಗಳೆಲ್ಲ ಅದಕ್ಕೂ ಇವೆ, ಕಷ್ಟವೂ ಅದೇ.

ಹಳೆಯ ಸರಳಿಗೆ ಹಿಡಿಯೂ ಆಗಿರುವ ಬೀಗದ ಕೊಂಡಿಯನ್ನು ವೆಲ್ಡ್ ಮಾಡಿದ್ದರಿಂದ ಅದನ್ನು ಸುತ್ತಲೂ ತಿಕ್ಕಲು ಸಾಧ್ಯವಿರಲಿಲ್ಲ. ಆದ್ದರಿಂದ 16 ಮಿ.ಮೀ. ವ್ಯಾಸದ ಬ್ರೈಟ್ ಬಾರ್ (ನಯವಾದ ಮೈಯ ಉಕ್ಕಿನ ಸರಳು) ತಂದು, ಕೊಂಡಿಯನ್ನು ಆಮೇಲೆ ತಿರುಪಿ ಕೂರಿಸುವಂತೆ ಹೊಸ ಸರಳನ್ನೇ ಮಾಡಿಕೊಂಡೆ. 220, 400, 600 ನಂಬರಿನ ಎಮರಿ ಕಾಗದಗಳಿಂದ ಕ್ರಮವಾಗಿ ಉಜ್ಜಿ ಸರಳಿನ ಮೈಯನ್ನು ಒಂದೇ ಸಮ ಮಾಡಿದೆ. ಇಲ್ಲಿ ಉಳಿದ ಗೀರು ಮುಂದೆ ವೃತ್ತಗಳ ನಡುವೆ ಎದ್ದು ಕಾಣುತ್ತದೆ.

ತಿಕ್ಕುವ ತುದಿಯ ವಿಷಯದಲ್ಲಿ ನಾನು ಎರಡು ಸಲ ಸೋತೆ. ಮೊದಲು 6 ಮಿ.ಮೀ. ದಪ್ಪದ ಸಾಗುವಾನಿ ಕಡ್ಡಿಯನ್ನು ಡ್ರಿಲ್ಲಿಂಗ್ ಮೆಷಿನಿನ ಚಕ್ಕಿಗೆ, ಎಂದರೆ ಬೈರಿಗೆಯನ್ನು ಕಚ್ಚಿ ತಿರುಗಿಸುವ ಬಾಯಿಗೆ, ಸಿಕ್ಕಿಸಿ ನೋಡಿದರೆ, ವೃತ್ತದ ಬದಲು ಅಕ್ಕಿಕಾಳಿನಂತಹ ಗುರುತು ಬಿತ್ತು. ಕಾರಣ ಸರಳವಾದದ್ದು: 16 ಮಿ.ಮೀ. ಸರಳಿನ ನೆತ್ತಿಯಿಂದ ಎರಡೂ ಬದಿಗೆ 3 ಮಿ.ಮೀ. ಸರಿದರೆ ಮೈ ಸುಮಾರು 0.6 ಮಿ.ಮೀ. ಕೆಳಗಿಳಿದಿರುತ್ತದೆ, ಗಟ್ಟಿ ಮರ ಅಲ್ಲಿಗೆ ಮುಟ್ಟುವುದೇ ಇಲ್ಲ. ಪೆನ್ಸಿಲ್ಲಿನ ಹಿಂದಿನ ರಬ್ಬರು ಬಗ್ಗಿ ಮುಟ್ಟಿತಾದರೂ, ಎಣ್ಣೆ ಕುಡಿದು ಉಬ್ಬಿ ಒಂದು ಸಾಲು ಮುಗಿಯುವ ಮೊದಲೇ ಕಿತ್ತುಹೋಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ನಮ್ಮ ಕಸುಬಿನಲ್ಲಿ ದಿನಬೆಳಗಾದರೆ ಕೈಗೆ ಸಿಗುವ ಓ-ರಿಂಗ್ ಕಾರ್ಡ್, ಎಣ್ಣೆ ಸೋರದಂತೆ ತಡೆಯುವ ಬಳೆಗಳನ್ನು ಮಾಡುವ ರಬ್ಬರ್ ಹುರಿ. 6 ಮಿ.ಮೀ. ನೈಟ್ರೈಲ್ ಕಾರ್ಡಿನ ತುಂಡನ್ನು ಹಿತ್ತಾಳೆಯ ನಳಿಗೆಯೊಳಗೆ ಅಂಟಿಸಿ, 2 ಮಿ.ಮೀ. ಮಾತ್ರ ಹೊರಗೆ ಬಿಟ್ಟು, ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿದೆ. ಅದು ಎಣ್ಣೆಗೆ ಹೆದರುವ ರಬ್ಬರಲ್ಲ. ಇಂಜಿನ್ ವಾಲ್ವ್‌ಗಳನ್ನು ಉಜ್ಜಿ ಕೂರಿಸಲು ಬಳಸುವ ವಾಲ್ವ್ ಗ್ರೈಂಡಿಂಗ್ ಪೇಸ್ಟಿನ ಡಬ್ಬಿಯ ನುಣುಪು ಬದಿಯ ಪೇಸ್ಟನ್ನು ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಸಡಿಲಿಸಿ ಕುಂಚದಿಂದ ತೆಳುವಾಗಿ ಸವರಿದರೆ ಸಾಕು.

ವೃತ್ತ ಬಿಡಿಸುವುದಕ್ಕಿಂತ ಅವುಗಳ ನಡುವಿನ ಅಂತರವನ್ನು ಕಾಯುವುದೇ ಇಲ್ಲಿನ ನಿಜವಾದ ಕೆಲಸ ಎಂಬುದು ನನಗೆ ಆಮೇಲೆ ತಿಳಿಯಿತು. ಉದ್ದಕ್ಕೆ ಸರಿಸಲು ನನ್ನಲ್ಲಿದ್ದ ಕ್ರಾಸ್ ವೈಸಿನ (ಹಿಡಿದ ವಸ್ತುವನ್ನು ತಿರುಪಿನಿಂದ ಉದ್ದಕ್ಕೂ ಅಡ್ಡಕ್ಕೂ ಸರಿಸುವ ಇಕ್ಕಳದ) ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 3 ಮಿ.ಮೀ. ಮುಂದಕ್ಕೆ ಹೋಗುತ್ತದೆ, ಅದೇ ನನ್ನ ಹೆಜ್ಜೆಯಾಯಿತು. ತಿರುಪಿನಲ್ಲಿ ಸಡಿಲು ಇರುವುದರಿಂದ ಯಾವ ಸಾಲನ್ನೂ ಹಿಮ್ಮುಖವಾಗಿ ತಿಕ್ಕಬಾರದು. ಪ್ರತಿ ಸಾಲಿಗೂ ಆರಂಭಕ್ಕಿಂತ ಹಿಂದೆ ಹೋಗಿ, ಮುಂದೆ ಬರುತ್ತಲೇ ಗುರುತಿಗೆ ನಿಲ್ಲಬೇಕು.

ಸುತ್ತಲಿನ ವಿಭಾಗಕ್ಕೆ ಸರಳಿನ ಒಂದು ತುದಿಗೆ 160 ಮಿ.ಮೀ. ವ್ಯಾಸದ ಪ್ಲೈವುಡ್ ಚಕ್ರವನ್ನು ಬಿಗಿದೆ. ಅದರ ಅಂಚಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ನಾಲ್ಕು ಸಲ ಮಡಚಿದರೆ 16 ಸಮಭಾಗಗಳಾಗುತ್ತವೆ. ಆ ಮಡಿಕೆಗಳ ನೇರಕ್ಕೆ ಚಕ್ರಕ್ಕೆ ತೂತು ಕೊರೆದು, ಮೊಳೆಯೊಂದನ್ನು ತೂರಿಸಿ ಚಕ್ರವನ್ನು ನಿಲ್ಲಿಸುತ್ತಿದ್ದೆ. ಚಕ್ರ ಸರಳಿಗಿಂತ ಹತ್ತು ಪಟ್ಟು ದೊಡ್ಡದಾದ್ದರಿಂದ, ಅದರ ಅಂಚಿನಲ್ಲಿ 1 ಮಿ.ಮೀ. ತಪ್ಪಿದರೂ ಸರಳಿನ ಮೇಲೆ ಅದು 0.1 ಮಿ.ಮೀ. ಮಾತ್ರ. ಸರಳಿನ ಸುತ್ತಳತೆ 50 ಮಿ.ಮೀ.ಗೆ ತುಸು ಹೆಚ್ಚು. ಹದಿನಾರರಿಂದ ಭಾಗಿಸಿದರೆ 3.14 ಮಿ.ಮೀ., ಎಂದರೆ ಉದ್ದದ ಹೆಜ್ಜೆಗೆ ಹೆಚ್ಚುಕಡಿಮೆ ಸಮ.

ಸರಳು ತುದಿಯ ನೇರ ಕೆಳಗಿದೆಯೇ ಎಂದು ನೋಡುವುದಕ್ಕೆ ಲೇತ್ ಕೆಲಸದವರ ಹಳೆಯ ಉಪಾಯವೊಂದಿದೆ. ಚಕ್ಕಿಗೆ ಚೂಪು ಮೊನೆಯೊಂದನ್ನು ಹಾಕಿ, ಮೊನೆ ಮತ್ತು ಸರಳಿನ ನಡುವೆ ತೆಳು ಉಕ್ಕಿನ ಸ್ಕೇಲನ್ನು ಅಡ್ಡವಾಗಿ ಇಟ್ಟು ಮೆಲ್ಲನೆ ಒತ್ತಿದೆ. ಸ್ಕೇಲು ಎಡಕ್ಕೆ ವಾಲಿತು. ವೈಸನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಒತ್ತಿ, ಸ್ಕೇಲು ಎರಡೂ ಬದಿಗೆ ಸಮನಾಗಿ ಮಲಗುವವರೆಗೆ ಹೀಗೆಯೇ ಮಾಡಿದೆ. ಇದನ್ನು ಬಿಟ್ಟರೆ ವೃತ್ತಗಳೆಲ್ಲ ಒಂದು ಬದಿಗೆ ಸವೆದು ಅರೆಚಂದ್ರಗಳಾಗುತ್ತವೆ.

ಮೆಷಿನನ್ನು ನಿಮಿಷಕ್ಕೆ 900 ಸುತ್ತಿನ ಆಸುಪಾಸಿನಲ್ಲಿ ಓಡಿಸಿದೆ. ವೇಗ ಹೆಚ್ಚಿದರೆ ಪೇಸ್ಟ್ ಸಿಡಿದು ಹೋಗುತ್ತದೆ. ರಬ್ಬರು 1 ಮಿ.ಮೀ. ಮಾತ್ರ ಅಮುಕುವಂತೆ ಆಳದ ತಡೆಯನ್ನು ಬಿಗಿದು, ಪ್ರತಿ ವೃತ್ತಕ್ಕೆ ಐದರವರೆಗೆ ಎಣಿಸಿದೆ. ತಿರುಗುವ ತುದಿಯ ನಟ್ಟನಡುವಿನ ಬಿಂದುವಿಗೆ ಚಲನೆಯಿಲ್ಲದ ಕಾರಣ ಪ್ರತಿ ವೃತ್ತದ ಮಧ್ಯದಲ್ಲೂ ಮಂಕಾದ ಚುಕ್ಕೆಯೊಂದು ಉಳಿಯುತ್ತದೆ. ಅಮುಕಿದ ರಬ್ಬರು 6 ಮಿ.ಮೀ.ಗಿಂತ ತುಸು ಅಗಲವಾಗುವುದರಿಂದ, 3 ಮಿ.ಮೀ. ಮುಂದಿನ ವೃತ್ತದ ಅಂಚು ಸರಿಯಾಗಿ ಆ ಚುಕ್ಕೆಯನ್ನು ಅಳಿಸಿ ಹಾಕುತ್ತದೆ. ಇದನ್ನು ಕಣ್ಣಾರೆ ಕಂಡ ಕ್ಷಣ ನನಗಾದ ಸಂತೋಷ ದೊಡ್ಡದು. 240 ಮಿ.ಮೀ. ಉದ್ದಕ್ಕೆ ಸಾಲಿಗೆ 80ರಂತೆ 16 ಸಾಲು, ಒಟ್ಟು 1280 ವೃತ್ತಗಳು; ಎರಡು ಸಂಜೆಗಳ ಕೆಲಸ. ಅಷ್ಟು ಹೊತ್ತೂ ಕನ್ನಡಕ ಧರಿಸಿದ್ದೆ, ಕೈಗವಸು ಹಾಕಲಿಲ್ಲ. ತಿರುಗುವ ಚಕ್ಕಿನ ಬಳಿ ಕೈಗವಸು ಅಪಾಯ.

ಹೆಂಚು ಹೊದಿಸುವಾಗ ಒಂದು ಸಾಲು ಇನ್ನೊಂದರ ಮೇಲೆ ಏರುತ್ತ ಹೋದರೂ ಮೊದಲ ಸಾಲು ಮತ್ತು ಕೊನೆಯ ಸಾಲು ಎಂದೂ ಸೇರುವುದಿಲ್ಲ. ಸರಳಿನಲ್ಲಿ ಸೇರುತ್ತವೆ. ಹದಿನಾರನೆಯ ಸಾಲು ಹದಿನೈದನೆಯದನ್ನೂ ಮೊದಲನೆಯದನ್ನೂ ಒಟ್ಟಿಗೆ ಮುಚ್ಚುವುದರಿಂದ ಅಲ್ಲೊಂದು ಜೋಡುಗೆರೆ ಕಂಡೇ ಕಾಣುತ್ತದೆ. ಅದು ಕಣ್ಣಿಗೆ ಬೀಳದಿರಲೆಂದು, ಕೊಂಡಿ ಕೆಳಕ್ಕಿಳಿದು ಬೀಗ ಬಿದ್ದಾಗ ಸರಳಿನ ಯಾವ ಬದಿ ಬಾಗಿಲ ಹಲಗೆಗೆ ಮುಖ ಮಾಡುತ್ತದೆ ಎಂದು ಮೊದಲೇ ಗುರುತು ಮಾಡಿ, ಮೊದಲ ಸಾಲನ್ನು ಅಲ್ಲಿಂದಲೇ ಆರಂಭಿಸಿದೆ.

ಕರಾವಳಿಯ ಗಾಳಿಗೆ ತಕ್ಕ ಎಚ್ಚರ ವಹಿಸದೆ ಮೊದಲ ಸರಳನ್ನು ಕಳೆದುಕೊಂಡೆ. ಜುಲೈ ತಿಂಗಳು, ದೋಣಿಗಳೆಲ್ಲ ದಡದಲ್ಲಿದ್ದವು. ಸೀಮೆಎಣ್ಣೆಯಲ್ಲಿ ತೊಳೆದ ಸರಳನ್ನು ಬರಿಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ನನ್ನ ಹೆಬ್ಬೆರಳಿನ ಗೆರೆಗಳು ತುಕ್ಕಿನಲ್ಲಿ ಅಚ್ಚೊತ್ತಿದ್ದವು. ಅದನ್ನು ಉಜ್ಜಿ ತೆಗೆದರೆ ವೃತ್ತಗಳೂ ಹೋಗುತ್ತವೆ. ಎರಡನೆಯದನ್ನು ತೊಳೆದ ಕೂಡಲೇ ಬಟ್ಟೆಯಲ್ಲಿ ಹಿಡಿದು ಒರೆಸಿ, ಬಿಸಿಲಿಲ್ಲದ ಕಾರಣ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಎಣ್ಣೆ ಸವರಿದೆ.

ಬಾಗಿಲಿಗೆ ಕೂರಿಸಿದ ದಿನ ನೆರೆಮನೆಯ ಹಿರಿಯ ಬಡಗಿಯೊಬ್ಬರು ಅದನ್ನು ಎರಡು ಸಲ ಜಾರಿಸಿ ನೋಡಿ, "ಎಂಥ ಮಾರಾಯ, ಚಿಲಕಕ್ಕೆ ಹುರುಪೆ ಬಂದಿದೆಯಲ್ಲ!" ಎಂದರು. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ದಿನಗಳಲ್ಲಿ ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸುತ್ತೇನೆ. ಸರಳು ಜಾರುವ ಬಾಗಿಲ ಬಳೆಗಳ ಒಳಗೆ ಉಜ್ಜುವ ಎರಡು ಕಡೆ ಮಾತ್ರ ವೃತ್ತಗಳು ಮಾಸುತ್ತಿವೆ. ಅಲ್ಲಿಗೆ ತೆಳು ಹಿತ್ತಾಳೆಯ ಒಳಪಟ್ಟಿ ಕೂರಿಸುವ ಕೆಲಸ ಬಾಕಿಯಿದೆ.