ಮಿಯಾಟಾದ ಸುಳ್ಳು ಮುಳ್ಳು, ನಾನು ಹಾಕಿಕೊಂಡ ಆಯಿಲ್ ಮೀಟರ್

ನನ್ನ ಹತ್ತಿರ ಇರೋದು 1996ರ ಮಾಜ್ದಾ ಮಿಯಾಟಾ. 1.8 ಲೀಟರ್ ಎಂಜಿನ್, ಐದು ಗೇರು, ಎರಡೇ ಸೀಟು, ಬಟ್ಟೆಯ ಟಾಪ್. ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದ ಮೇಲೆ ಕೊಂಡಿದ್ದು. ತಿಂಗಳಿಗೊಮ್ಮೆ ಸ್ಯಾನ್ ಮಾರ್ಕೋಸ್‌ನ ಹ್ಯಾರಿಸ್ ಹಿಲ್ ಟ್ರ್ಯಾಕ್‌ಗೆ ತಗೊಂಡು ಹೋಗುತ್ತೇನೆ. ಈ ಕಾರಿನ ಡ್ಯಾಶ್‌ನಲ್ಲಿ ಆಯಿಲ್ ಪ್ರೆಷರ್ ಮೀಟರ್ ಒಂದಿದೆ, ಎಂಜಿನ್ನಿನೊಳಗೆ ಆಯಿಲ್ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಅಂತ ತೋರಿಸೋದು. ನೋಡೋಕೆ ಚೆನ್ನಾಗಿಯೇ ಇದೆ. ಕಾರು ಶುರು ಮಾಡಿದರೆ ಮುಳ್ಳು ಎದ್ದು ನಡುವಿಗೆ ಬಂದು ನಿಲ್ಲುತ್ತದೆ. ಮತ್ತೆ ಅಲ್ಲಾಡೋದೇ ಇಲ್ಲ. ಚಳಿಯ ಬೆಳಗ್ಗೆಯೂ ಅಲ್ಲೇ, ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಿ ಬಂದ ಮೇಲೂ ಅಲ್ಲೇ.

ಮೊದಲು ಎಂಜಿನ್ ಗಟ್ಟಿ ಇದೆ ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಅದು ಮೀಟರೇ ಅಲ್ಲ. 1994ರವರೆಗಿನ ಮಿಯಾಟಾಗಳಲ್ಲಿ ನಿಜವಾದ ಸೆಂಡರ್ (ಪ್ರೆಷರ್ ಅಳೆದು ಮೀಟರಿಗೆ ತಿಳಿಸೋ ಭಾಗ) ಇತ್ತು. 1995ರಿಂದ ಅದರ ಜಾಗಕ್ಕೆ ಒಂದು ಸ್ವಿಚ್ ಹಾಕಿಬಿಟ್ಟರು. ಸ್ವಲ್ಪ ಪ್ರೆಷರ್ ಬಂದರೆ ಸಾಕು, ಸ್ವಿಚ್ ಬದಲಾಗಿ ಮುಳ್ಳು ನಡುವಿಗೆ ಬರುತ್ತದೆ. ಮುಳ್ಳು ಏರಿಳಿಯೋದು ನೋಡಿ ಜನ ಗಾಬರಿಯಾಗಿ ಶೋರೂಮಿಗೆ ಬರುತ್ತಿದ್ದರು, ಅದಕ್ಕೇ ಹೀಗೆ ಮಾಡಿದರು ಅಂತ ಮಿಯಾಟಾ ಇಟ್ಟುಕೊಂಡವರು ಹೇಳುತ್ತಾರೆ. ಕಾರಣ ಏನೇ ಇರಲಿ, ಎಂಜಿನ್ನಿನ ಜೀವ ಹೇಳಬೇಕಾದ ಮುಳ್ಳು ಹೀಗೆ ಸುಮ್ನೆ ನಿಂತಿರೋದು ನನಗೆ ಸಹಿಸಲಾಗಲಿಲ್ಲ. ಊರಲ್ಲಿ ಮಾವನ ಟ್ರ್ಯಾಕ್ಟರ್ ಪಕ್ಕ ಕೂತು ಬೆಳೆದವನು ನಾನು. ಶುರು ಮಾಡಿದ ತಕ್ಷಣ ಮಾವ ಮೊದಲು ನೋಡುತ್ತಿದ್ದದ್ದು ಆಯಿಲ್ ಮುಳ್ಳನ್ನು. ಅದು ಏಳೋವರೆಗೆ ಗೇರಿಗೆ ಕೈ ಹಾಕುತ್ತಿರಲಿಲ್ಲ.

ಶುರುವಿನಲ್ಲಿ ಮೂರು ಮೀಟರ್ ಹಾಕೋಣ ಅಂದುಕೊಂಡಿದ್ದೆ: ಆಯಿಲ್ ಪ್ರೆಷರ್, ನೀರಿನ ಬಿಸಿ, ವೋಲ್ಟ್. ಮೂರು ಮುಳ್ಳು ಸಾಲಾಗಿ ಕೂತರೆ ಚೆಂದ, ಅಲ್ವಾ? ಆದರೆ ಒಂದೊಂದನ್ನೂ ಹಿಡಿದು ನನ್ನನ್ನೇ ಕೇಳಿಕೊಂಡೆ: ಈ ಮುಳ್ಳು ಕೆಟ್ಟ ಸುದ್ದಿ ಹೇಳಿದರೆ ಆ ಕ್ಷಣದಲ್ಲಿ ನಾನು ಏನು ಮಾಡುತ್ತೇನೆ? ವೋಲ್ಟ್ ಬಿದ್ದರೆ ಮನೆಗೆ ಹೋಗಿ ನೋಡುತ್ತೇನೆ, ಅವಸರ ಇಲ್ಲ. ನೀರಿನ ಬಿಸಿ ಮುಖ್ಯವೇ, ಆದರೆ ಅಮೆರಿಕದಲ್ಲಿ 1996ರಿಂದ ಕಾರುಗಳಿಗೆಲ್ಲ ಓಬಿಡಿ-2 ಪೋರ್ಟ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದೋ ಸಾಕೆಟ್) ಇದೆ. ಒಂದು ಸಣ್ಣ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಬಿಸಿ ಎಷ್ಟು ಅಂತ ಫೋನಿನಲ್ಲೇ ಕಾಣುತ್ತದೆ. ಆಯಿಲ್ ಪ್ರೆಷರ್ ಮಾತ್ರ ಅಲ್ಲಿ ಸಿಗೋದಿಲ್ಲ, ಯಾಕೆಂದರೆ ಕಾರಿನ ಕಂಪ್ಯೂಟರಿಗೇ ಅದು ಗೊತ್ತಿಲ್ಲ. ಅದೂ ಅಲ್ಲದೆ ಪ್ರೆಷರ್ ಬಿದ್ದರೆ ಬೇರಿಂಗ್ ಹೋಗೋಕೆ ನಿಮಿಷಗಳೂ ಬೇಡ. ಹಾಗಾಗಿ ಮೂರರಿಂದ ಒಂದಕ್ಕೆ ಬಂದೆ. ಮೂರರ ದುಡ್ಡನ್ನು ಒಂದಕ್ಕೆ, ಒಳ್ಳೆಯ ಸೆಂಡರಿಗೆ, ಒಳ್ಳೆಯ ಹೋಸಿಗೆ ಹಾಕಿದೆ.

ಮೆಕ್ಯಾನಿಕಲ್ ಮೀಟರ್ ನಂಬಿಕಸ್ಥ ಅಂತ ಹಳಬರು ಹೇಳುತ್ತಾರೆ. ನಿಜ, ವಯರೂ ಬೇಡ, ಸೆಂಡರೂ ಬೇಡ. ಆದರೆ ಸಣ್ಣ ಟ್ಯೂಬಿನಲ್ಲಿ ಬಿಸಿ ಆಯಿಲ್ ನೇರವಾಗಿ ಡ್ಯಾಶಿನ ಹಿಂದಕ್ಕೆ ಬರುತ್ತದೆ. ಆ ಟ್ಯೂಬ್ ಒಡೆದರೆ ಆಯಿಲ್ ಬೀಳೋದು ನಮ್ಮ ಕಾಲ ಮೇಲೆ. ನಾನು ಎಲೆಕ್ಟ್ರಿಕ್ ಮೀಟರನ್ನೇ ತಗೊಂಡೆ. ವಿಡಿಒ ಕಂಪನಿಯ 52 ಮಿ.ಮೀ. ಮೀಟರ್, 80 ಪಿಎಸ್‌ಐವರೆಗೆ (ಪಿಎಸ್‌ಐ ಅಂದರೆ ಒತ್ತಡದ ಅಳತೆ). ಕಪ್ಪು ಮುಖ, ಬಿಳಿ ಅಂಕಿ, ಕಾರಿನ ಮೂಲ ಮೀಟರುಗಳ ಪಕ್ಕ ಬೇರೆಯದು ಅನ್ನಿಸಲ್ಲ. ಸೆಂಡರ್ ಅದರ ಜೋಡಿಯದೇ ಆಗಿರಬೇಕು, ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಸೆಂಡರಿನ ರೆಸಿಸ್ಟೆನ್ಸ್ ಪ್ರೆಷರ್ ಇಲ್ಲದಾಗ 10 ಓಮ್, ತುದಿಯಲ್ಲಿ 180 ಓಮ್. ಬೇರೆ ಕಂಪನಿಯ ಸೆಂಡರ್ ಥ್ರೆಡ್‌ಗೆ ಕೂತರೂ ಮುಳ್ಳು ಬೇರೆಯೇ ಕಥೆ ಹೇಳುತ್ತದೆ.

ಎಲ್ಲಿ ಕೂರಿಸೋದು ಅನ್ನೋದಕ್ಕೆ ಒಂದು ವಾರ ಹಿಡಿಯಿತು. ರಟ್ಟಿನ ಡಬ್ಬದಿಂದ 52 ಮಿ.ಮೀ. ಬಿಲ್ಲೆಯೊಂದನ್ನು ಕತ್ತರಿಸಿ, ಅದರ ಮೇಲೆ ಮಾರ್ಕರಿನಲ್ಲಿ ಒಂದು ಮುಳ್ಳು ಬರೆದು, ದಿನಕ್ಕೊಂದು ಕಡೆ ಟೇಪ್‌ನಲ್ಲಿ ಅಂಟಿಸಿ ಆಫೀಸಿಗೆ ಹೋಗಿ ಬಂದೆ. ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲೆ ಅಂಟಿಸಿದ ದಿನ ಎಡಕ್ಕೆ ತಿರುಗುವಾಗ ರಸ್ತೆ ದಾಟುತ್ತಿದ್ದ ಹುಡುಗಿ ಆ ಬಿಲ್ಲೆಯ ಹಿಂದೆ ಮರೆಯಾದಳು. ಅವತ್ತೇ ಅಲ್ಲಿಂದ ಕಿತ್ತೆ. ರೇಡಿಯೋದ ಕೆಳಗಿನ ಖಾನೆಯಲ್ಲಿ ಇಟ್ಟರೆ ತಲೆ ಬಗ್ಗಿಸಬೇಕು. ಸ್ಟೀರಿಂಗ್ ಕಾಲಮ್ ಮೇಲೆ ಇಟ್ಟರೆ ಎಂಜಿನ್ ವೇಗ ತೋರಿಸೋ ಟ್ಯಾಕೋಮೀಟರಿನ ಅರ್ಧ ಮುಚ್ಚುತ್ತದೆ. ಕೊನೆಗೆ ಉಳಿದದ್ದು ಡ್ಯಾಶಿನ ನಡುವಿನ ಗುಂಡನೆಯ ಎಸಿ ವೆಂಟ್, ನನ್ನ ಕಡೆಯದು. ಟ್ರ್ಯಾಕ್‌ನಲ್ಲಿ ಬಲ ತಿರುವಿನ ಕಡೆ ನೋಡುವಾಗ ಕಣ್ಣು ಹೇಗೂ ಅದರ ಮೇಲಿಂದಲೇ ಹಾದುಹೋಗುತ್ತದೆ.

ಈ ನಡುವೆ ಬೆಂಗಳೂರಿನಿಂದ ಗೆಳೆಯನ ಫೋನು. "ನಾನೂ ನನ್ನ ಕಾರಿನ ಪಿಲ್ಲರ್‌ಗೆ ಮೀಟರ್ ಕೂರಿಸೋ ಪಾಡ್ ತರಿಸ್ತಿದ್ದೀನಿ ಕಣೋ" ಅಂದ. "ಕರ್ಟನ್ ಏರ್‌ಬ್ಯಾಗ್ ಇದೆಯೇನೋ?" ಅಂತ ಕೇಳಿದೆ. ಇದೆ ಅಂದ. "ಹಾಗಾದ್ರೆ ಬೇಡವೇ ಬೇಡ ಮಾರಾಯ, ಚಾವಣಿಯ ಅಂಚಿನಿಂದ, ಪಿಲ್ಲರ್ ಟ್ರಿಮ್ ಪಕ್ಕದಲ್ಲೇ ಅದು ಪರದೆ ಥರ ಬಿಚ್ಚಿಕೊಂಡು ಬರೋದು, ಪಾಡ್ ಇದ್ದರೆ ಅದೇ ಬಂದು ಮುಖಕ್ಕೆ ಹೊಡೆಯುತ್ತೆ" ಅಂದೆ. ನನ್ನ ಕಾರಿನಲ್ಲಿ ಸ್ಟೀರಿಂಗ್‌ನಲ್ಲಿ ಒಂದು, ಪಕ್ಕದ ಸೀಟಿನ ಮುಂದೆ ಒಂದು, ಅಷ್ಟೇ ಏರ್‌ಬ್ಯಾಗ್ ಇರೋದು. ಹೊಸ ಕಾರು ಇಟ್ಟುಕೊಂಡವರು ಇದನ್ನು ಮೊದಲು ನೋಡಿಕೊಳ್ಳಿ.

ವೆಂಟ್ ಕೀಳೋದು ಕಷ್ಟ ಇಲ್ಲ. ಚಪ್ಪಟೆ ಸ್ಕ್ರೂಡ್ರೈವರಿಗೆ ಟೇಪ್ ಸುತ್ತಿ ಅಂಚಿನಿಂದ ಮೆಲ್ಲಗೆ ಎಬ್ಬಿಸಬೇಕು. ಚಳಿಯಲ್ಲಿ ಮಾಡಬೇಡಿ, ಹಳೆಯ ಪ್ಲಾಸ್ಟಿಕ್ ಚಟ್ ಅಂತ ಮುರಿಯುತ್ತದೆ. ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಕೈ ಹಾಕಿ. ಒಳಗೆ ಮೀಟರ್ ಹಿಡಿದುಕೊಳ್ಳೋಕೆ ಒಂದು ಬಳೆ ಬೇಕು, ಅದನ್ನು ಆಫೀಸಿನ ಗೆಳೆಯನ 3ಡಿ ಪ್ರಿಂಟರಿನಲ್ಲಿ ಮಾಡಿಸಿದೆ. ಮೊದಲನೆಯದು ಪಿಎಲ್‌ಎ ಪ್ಲಾಸ್ಟಿಕ್ಕಿನದು. ಎರಡು ವಾರ ಚೆನ್ನಾಗಿತ್ತು. ಆಗಸ್ಟ್‌ನ ಒಂದು ಮಧ್ಯಾಹ್ನ ಟಾಪ್ ಹಾಕಿ ಬಿಸಿಲಲ್ಲಿ ನಿಲ್ಲಿಸಿದ್ದೆ, ಬಂದು ನೋಡಿದರೆ ಮೀಟರ್ ಮುಂದಕ್ಕೆ ಬಾಗಿದೆ, ಬಳೆ ಬೆಲ್ಲದ ಪಾಕದ ಹಾಗೆ ಇಳಿದಿದೆ. ಪಿಎಲ್‌ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಕಪ್ಪು ಡ್ಯಾಶ್ ಬಿಸಿಲಲ್ಲಿ ಅದನ್ನು ಸಲೀಸಾಗಿ ದಾಟುತ್ತದೆ. ಎರಡನೆಯದನ್ನು ಎಎಸ್‌ಎ ಅನ್ನೋ ಬೇರೆ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದೆ. ಅದು 100 ಡಿಗ್ರಿಯವರೆಗೂ ಗಟ್ಟಿ ನಿಲ್ಲುತ್ತದೆ. ಹಿಂದಿನ ಗಾಳಿಯ ಕೊಳವೆಗೆ ದಪ್ಪ ಫೋಮಿನ ಬಿಲ್ಲೆ ಕತ್ತರಿಸಿ ಒತ್ತಿಬಿಟ್ಟೆ, ಇಲ್ಲದಿದ್ದರೆ ಚಳಿಗಾಲದಲ್ಲಿ ಹೀಟರಿನ ಗಾಳಿ ಸೀದಾ ಮೀಟರಿನ ಬೆನ್ನಿಗೆ ಹೊಡೆಯುತ್ತದೆ. ಒಂದು ವೆಂಟ್ ಹೋದದ್ದು ಟೆಕ್ಸಾಸಿನ ಬೇಸಿಗೆಯಲ್ಲಿ ಗೊತ್ತಾಗುತ್ತದೆ, ಇಲ್ಲ ಅನ್ನಲ್ಲ. ಆದರೂ ಮತ್ತೆ ಅದನ್ನೇ ಮಾಡುತ್ತೇನೆ.

ಸೆಂಡರ್ ಕೆಲಸವೇ ಇದರಲ್ಲಿ ದೊಡ್ಡದು. ಮಿಯಾಟಾದಲ್ಲಿ ಮೂಲ ಸ್ವಿಚ್ ಇರೋದು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯೋ ಕೊಳವೆಗಳು) ಕೆಳಗೆ, ಆಯಿಲ್ ಫಿಲ್ಟರಿನ ಹತ್ತಿರ. ಕೈ ಹೋಗುತ್ತದೆ, ಕಣ್ಣು ಹೋಗಲ್ಲ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗಿನಿಂದ ಮಾಡಿದೆ (ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ). ಎಂಜಿನ್ ಬ್ಲಾಕಿನ ಥ್ರೆಡ್ ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿಟಿ, ಅಂದರೆ ಇಂಚಿಗೆ 28 ಸುತ್ತು. ಇಲ್ಲಿ ಅಂಗಡಿಯಲ್ಲಿ ಸಿಗೋ ಸೆಂಡರ್ ಎಲ್ಲ ಅಮೆರಿಕದ ಅಳತೆಯ 1/8 ಎನ್‌ಪಿಟಿ, ಇಂಚಿಗೆ 27. ಬೆರಳಲ್ಲಿ ತಿರುಗಿಸಿದರೆ ಎರಡು ಮೂರು ಸುತ್ತು ಒಳಗೆ ಹೋಗಿ ಸರಿಯಾಗಿದೆ ಅನ್ನಿಸುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೆಲವರು ಹಾಗೇ ಪಾನಾ ಹಾಕಿ ಬಿಗಿದುಬಿಡುತ್ತಾರೆ. ಬ್ಲಾಕಿನ ಥ್ರೆಡ್ ಹೋದರೆ ಆಮೇಲೆ ಯಾರನ್ನು ಕೇಳೋದು? ಒಂದು ಅಡಾಪ್ಟರ್‌ಗೆ ದುಡ್ಡು ಕೊಡಿ.

ಸೆಂಡರನ್ನು ಸೀದಾ ಬ್ಲಾಕಿಗೆ ಕೂರಿಸಲಿಲ್ಲ. ಅದು ಪೇರಲೆ ಕಾಯಿಯಷ್ಟು ದಪ್ಪ, ಭಾರ ಬೇರೆ. ಹಿತ್ತಾಳೆಯ ಟಿ ಫಿಟ್ಟಿಂಗಿನ ತುದಿಯಲ್ಲಿ ನೇತಾಡಿದರೆ ಎಂಜಿನ್ನಿನ ನಡುಕಕ್ಕೆ ಒಂದಲ್ಲ ಒಂದು ದಿನ ಕುತ್ತಿಗೆ ಮುರಿಯುತ್ತದೆ. ಮುರಿದರೆ ಎಂಜಿನ್ನಿನ ಆಯಿಲ್ ಎಲ್ಲ ರಸ್ತೆಗೆ. ಬ್ಲಾಕಿನಿಂದ ಸ್ಟೀಲ್ ಹೆಣಿಗೆಯ ಹೋಸ್ ಎಳೆದು ಫೈರ್‌ವಾಲ್ (ಎಂಜಿನ್ನಿಗೂ ಕೂರೋ ಜಾಗಕ್ಕೂ ನಡುವಿನ ತಗಡು) ಹತ್ತಿರ ತಂದೆ. ಅಲ್ಲಿ ಟಿ ಹಾಕಿ ಒಂದು ಕಡೆ ಹೊಸ ಸೆಂಡರ್, ಇನ್ನೊಂದು ಕಡೆ ಹಳೆಯ ಸ್ವಿಚ್. ರಬ್ಬರ್ ಹೊದಿಕೆಯ ಕ್ಲಾಂಪಿನಲ್ಲಿ ಎಲ್ಲ ಗಟ್ಟಿ ಹಿಡಿಸಿದೆ. ಥ್ರೆಡ್‌ಗೆ ಟೇಪ್ ಬದಲು ದ್ರವದ ಸೀಲೆಂಟ್ ಹಚ್ಚಿದೆ, ಮೊದಲ ಎರಡು ಸುತ್ತು ಬಿಟ್ಟು. ಚೂರು ಒಳಗೆ ಬಿದ್ದು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳಬಾರದು.

ಆಮೇಲೆ ಬಂತು ತಲೆನೋವು. ಕೀ ತಿರುಗಿಸಿದೆ, ಎಂಜಿನ್ ಇನ್ನೂ ಶುರುವಾಗಿಲ್ಲ, ಮುಳ್ಳು ಆಗಲೇ 10 ಪಿಎಸ್‌ಐ ಹತ್ತಿರ ನಿಂತಿದೆ. ಶುರು ಮಾಡಿದರೆ 80ಕ್ಕೆ ಹೋಗಿ ಹೊಡೆದುಕೊಳ್ಳುತ್ತದೆ, ಒಮ್ಮೊಮ್ಮೆ ನಡುಗುತ್ತದೆ. ಮೀಟರೇ ಕೆಟ್ಟದ್ದು ಬಂದಿದೆ ಅಂದುಕೊಂಡು ವಾಪಸ್ ಕಳಿಸೋಕೆ ಡಬ್ಬಕ್ಕೂ ತುಂಬಿದ್ದೆ. ರಾತ್ರಿ ಮಲಗಿದಾಗ ಹೊಳೆಯಿತು. ಈ ಸೆಂಡರಿಗೆ ಪ್ರತ್ಯೇಕ ಅರ್ಥ್ ವಯರ್ ಇಲ್ಲ, ಅದರ ಮೈಯೇ ಅರ್ಥ್. ನಾನು ಅದನ್ನು ರಬ್ಬರಿನಲ್ಲಿ ಸುತ್ತಿ ಇಟ್ಟಿದ್ದೇನೆ! ಅರ್ಥ್ ಸರಿಯಿಲ್ಲದಿದ್ದರೆ ಓಮ್ ಜಾಸ್ತಿಯಾಗುತ್ತದೆ, ಓಮ್ ಜಾಸ್ತಿಯಾದರೆ ಮೀಟರ್ ಪ್ರೆಷರ್ ಜಾಸ್ತಿ ಅಂತ ಓದುತ್ತದೆ. ಬೆಳಗ್ಗೆ ಮಲ್ಟಿಮೀಟರ್ ಹಿಡಿದೆ. ಸೆಂಡರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ 20 ಓಮ್ ಮೇಲೆಯೇ ಇತ್ತು. ಅಲ್ಲಿ ಒಂದು ಓಮ್ ಕೂಡ ಇರಬಾರದು. ಸೆಂಡರ್ ಬುಡಕ್ಕೆ ರಿಂಗ್ ಟರ್ಮಿನಲ್ ಹಿಡಿಸಿ, ಫೈರ್‌ವಾಲಿನ ಬೋಲ್ಟ್ ಸುತ್ತ ಬಣ್ಣ ಕೆರೆದು, ದಪ್ಪ ವಯರ್ ಎಳೆದೆ. ಕೀ ಹಾಕಿದೆ, ಮುಳ್ಳು ಸೊನ್ನೆಯಲ್ಲಿ ಕೂತಿತು. ಕೆಟ್ಟ ಅರ್ಥ್ ಈ ಥರದ ಮೀಟರಿನಲ್ಲಿ ಒಳ್ಳೆಯ ಸುದ್ದಿಯನ್ನೇ ಹೇಳುತ್ತದೆ, ಅದೇ ಅದರ ಅಪಾಯ. ಹಾಗಾಗಿ ಕೀ ತಿರುಗಿಸಿ, ಎಂಜಿನ್ ಶುರು ಮಾಡೋ ಮೊದಲು ಮುಳ್ಳು ಸೊನ್ನೆಯಲ್ಲಿದೆಯಾ ಅಂತ ಈಗಲೂ ಪ್ರತಿ ಸಲ ನೋಡುತ್ತೇನೆ.

ಕರೆಂಟಿನ ಕೆಲಸ ಸುಲಭ. ಇಗ್ನಿಷನ್ ಫ್ಯೂಸಿನಿಂದ ಟ್ಯಾಪ್, 3 ಆಂಪ್ ಫ್ಯೂಸ್, ಫೈರ್‌ವಾಲ್‌ನಲ್ಲಿ ಮೊದಲೇ ಇದ್ದ ರಬ್ಬರ್ ಗ್ರೋಮೆಟ್ ಮೂಲಕ ವಯರ್. ಬರಿ ತಗಡಿನ ತೂತಿನಲ್ಲಿ ವಯರ್ ಎಳೆಯಬೇಡಿ.

ಇನ್ನೊಂದು ಕೆಲಸ ಐದು ನಿಮಿಷದ್ದು, ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ವೆಂಟ್ ಗುಂಡಗಿದೆ, ಮೀಟರೂ ಗುಂಡಗಿದೆ, ಹೇಗೆ ಬೇಕಾದರೂ ತಿರುಗಿಸಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಟ್ರ್ಯಾಕ್ ವೇಗದಲ್ಲಿ ನನ್ನ ಕಾರು 55 ಪಿಎಸ್‌ಐ ತೋರಿಸುತ್ತದೆ. ಆ 55 ಸರಿಯಾಗಿ ತುದಿಗೆ, ಗಡಿಯಾರದ ಹನ್ನೆರಡರ ಜಾಗಕ್ಕೆ ಬರೋ ಹಾಗೆ ಇಡೀ ಮೀಟರನ್ನು ತಿರುಗಿಸಿ ಬಿಗಿದೆ. ಅಂಕಿಗಳು ಸೊಟ್ಟಗಾದವು, ಆಗಲಿ. ರೇಸ್ ಕಾರಿನವರು ಹಿಂದಿನಿಂದಲೂ ಹೀಗೇ ಮಾಡುತ್ತಾರೆ. ಓಡಿಸುವಾಗ ಅಂಕಿ ಓದೋಕೆ ಯಾರಿಗೆ ಪುರುಸೊತ್ತಿದೆ? ಮುಳ್ಳು ನೆಟ್ಟಗಿದ್ದರೆ ಸರಿ, ವಾಲಿದರೆ ಏನೋ ಆಗಿದೆ.

ಅಕ್ಟೋಬರ್‌ನಲ್ಲಿ ಅದು ವಾಲಿತು. ಉದ್ದನೆಯ ಬಲ ತಿರುವಿನಲ್ಲಿ ಗಡಿಯಾರದ ಹನ್ನೆರಡರ ಜಾಗದಿಂದ ಹತ್ತರ ಜಾಗಕ್ಕೆ ಇಳಿದು, ನೇರ ರಸ್ತೆಗೆ ಬಂದ ಮೇಲೆ ಮತ್ತೆ ಎದ್ದಿತು. ಮುಂದಿನ ಸುತ್ತಿನಲ್ಲೂ ಅದೇ ತಿರುವಿನಲ್ಲಿ ಹಾಗೇ ಆಯಿತು. ಪಕ್ಕದಲ್ಲಿ ಕಾರಿನ ಸ್ವಂತ ಮೀಟರ್ ನಡುವಿನಲ್ಲೇ ನಿಂತಿತ್ತು. ಆಕ್ಸಿಲರೇಟರ್ ಬಿಟ್ಟು ಮೆಲ್ಲಗೆ ಪಿಟ್‌ಗೆ ಬಂದೆ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕೆಳಗಿನ ಗೆರೆಗೆ ಬಂದಿತ್ತು. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತಿತ್ತು. ಮುಕ್ಕಾಲು ಲೀಟರ್ ಸುರಿದೆ, ಮೇಲಿನ ಗೆರೆ ಮುಟ್ಟಿತು. ಮಧ್ಯಾಹ್ನದ ಸುತ್ತುಗಳಲ್ಲಿ ಅದೇ ತಿರುವಿನಲ್ಲಿ ಮುಳ್ಳು ಒಂದು ಕೂದಲಷ್ಟು ಅಲ್ಲಾಡಿತು, ಅಷ್ಟೇ.

ಈ ಸೆಂಡರಿನಲ್ಲಿ ಡಬ್ಲ್ಯುಕೆ ಅಂತ ಇನ್ನೊಂದು ಟರ್ಮಿನಲ್ ಇದೆ. ಪ್ರೆಷರ್ ತೀರಾ ಬಿದ್ದರೆ ಅದು ಅರ್ಥ್ ಆಗುತ್ತದೆ. ಅದರಿಂದ ಒಂದು ಕೆಂಪು ಎಲ್‌ಇಡಿಯನ್ನು ಟ್ಯಾಕೋಮೀಟರ್ ಪಕ್ಕಕ್ಕೆ ಎಳೆದಿದ್ದೇನೆ. ರಾತ್ರಿ ಹೆದ್ದಾರಿಯಲ್ಲಿ ಮೀಟರಿನ ದೀಪ ಮಾತ್ರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಕಾರಿನ ಡಿಮ್ಮರಿಗೆ ಜೋಡಿಸೋದು ಬಾಕಿ ಇದೆ, ಮುಂದಿನ ಶನಿವಾರ ಮತ್ತೆ ಆ ವೆಂಟ್ ಕೀಳಬೇಕು.